ಬುಸುಗುಡುವ ಗೋಸುಂಬೆ ಮತ್ತು ಚಾಚಿದ ಕೈ

ಪಂಜರದ ಬಾಗಿಲು ತೆರೆದು ಕೈ ಒಳಗಿಟ್ಟ ಕೂಡಲೇ ಗೋಸುಂಬೆ ಕಚ್ಚಲು ಬರುವುದಿಲ್ಲ. ಕಚ್ಚುವುದು ಅದರ ಕೊನೆಯ ಮಾತು. ಅದಕ್ಕೂ ಮುಂಚೆ ಹೇಳಬೇಕಾದ್ದನ್ನೆಲ್ಲ ಅದು ಒಂದೊಂದಾಗಿ ಹೇಳಿ ಮುಗಿಸಿರುತ್ತದೆ. ಮೊದಲು ಇದ್ದಲ್ಲೇ ಸ್ತಬ್ಧವಾಗುತ್ತದೆ. ಒಂದು ಕಣ್ಣು ಕೈಯ ಕಡೆಗೆ ಹೊರಳಿ ಅಲ್ಲೇ ನಿಲ್ಲುತ್ತದೆ. ಆಮೇಲೆ ಮೆಲ್ಲನೆ ಕೊಂಬೆಯ ಆಚೆ ಬದಿಗೆ ಸರಿದು ಕೊಂಬೆಯನ್ನೇ ಮರೆ ಮಾಡಿಕೊಳ್ಳುತ್ತದೆ. ಕೈ ಹಿಂದೆ ಸರಿಯದಿದ್ದರೆ ಪಕ್ಕೆಗಳನ್ನು ಒತ್ತಿ ಮೈಯನ್ನು ತೆಳ್ಳಗೆ, ಎತ್ತರಕ್ಕೆ ಮಾಡಿಕೊಂಡು ಅಗಲವಾದ ಬದಿಯನ್ನು ನಮಗೆ ತೋರಿಸುತ್ತದೆ. ಎದುರಿಗಿದ್ದವರಿಗೆ ತಾನು ಇರುವುದಕ್ಕಿಂತ ದೊಡ್ಡದಾಗಿ ಕಾಣಬೇಕು ಎನ್ನುವುದು ಅದರ ಉದ್ದೇಶ. ಗಂಟಲಿನ ಚೀಲ ಉಬ್ಬುತ್ತದೆ, ಬಾಲ ಸುರುಳಿಯಾಗುತ್ತದೆ, ಮೈ ಹಿಂದೆ ಮುಂದೆ ತೂಗುತ್ತದೆ, ಪಟ್ಟೆಗಳ ಬಣ್ಣ ಏರುತ್ತದೆ. ಅಷ್ಟಕ್ಕೂ ಕೈ ಮುಂದೆ ಬಂದರೆ ಬಾಯಿ ಪೂರ್ತಿ ತೆರೆದು ಬುಸುಗುಡುತ್ತದೆ, ಒಮ್ಮೆ ಮುಂದಕ್ಕೆ ಹಾರಿ ಹುಸಿ ಏಟು ಹಾಕುತ್ತದೆ. ಕಡಿತ ಇದಾದ ಮೇಲಿನದು.

ಅಮೆರಿಕ, ಜರ್ಮನಿ ಮುಂತಾದ ದೇಶಗಳಲ್ಲಿ ಮನೆಗಳೊಳಗೆ ಅತಿ ಹೆಚ್ಚು ಸಾಕಲಾಗುವ ಗೋಸುಂಬೆಗಳಲ್ಲಿ ಒಂದು ವೇಲ್ಡ್ ಗೋಸುಂಬೆ, ಅಂದರೆ ಕಮೀಲಿಯೊ ಕ್ಯಾಲಿಪ್ಟ್ರೇಟಸ್. ಅದರ ತವರು ಯೆಮೆನ್ ಮತ್ತು ಸೌದಿ ಅರೇಬಿಯದ ನೈಋತ್ಯ ಭಾಗದ ಬೆಟ್ಟ ಕಣಿವೆಗಳು. ತಲೆಯ ಮೇಲೆ ಎತ್ತರದ ಶಿಖೆ, ಮೈಮೇಲೆ ಹಸಿರು, ಹಳದಿ, ಕಂದು ಪಟ್ಟೆಗಳು. ಬೆಳೆದ ಗಂಡು ಬಾಲವೂ ಸೇರಿ 45ರಿಂದ 60 ಸೆಂಟಿಮೀಟರ್ ಉದ್ದವಿರುತ್ತದೆ. ಮಾರುವ ಅಂಗಡಿಗಳಿಂದ ಹಿಡಿದು ಪಶುವೈದ್ಯರವರೆಗೆ ಎಲ್ಲರೂ ಇದನ್ನು ‘ಸಿಡುಕಿನ ಜಾತಿ’ ಎಂದು ಕರೆಯುತ್ತಾರೆ. ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆ ಸ್ವಲ್ಪ ಮೆತ್ತನೆಯದು, ಕೀನ್ಯಾದ ಮೂರು ಕೊಂಬಿನ ಜಾಕ್ಸನ್ ಗೋಸುಂಬೆ ಇನ್ನೂ ಮೆತ್ತನೆಯದು ಎಂಬುದು ಸಾಕುವವರ ಅನುಭವ. ವೇಲ್ಡ್ ಗಂಡನ್ನು ತಂದವರು ಕೆಲವೇ ತಿಂಗಳಲ್ಲಿ ಕೇಳುವ ಪ್ರಶ್ನೆ ಒಂದೇ: ಇದರ ಕೋಪ ಇಳಿಸುವುದು ಹೇಗೆ?

ಈ ಪ್ರಶ್ನೆಯಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ನಾವು ಕೋಪ ಎನ್ನುವುದು ಬಹುಪಾಲು ಭಯ. ಆ ಭಯವನ್ನು ಸದ್ದಿಲ್ಲದಂತೆ ಮಾಡಿದರೆ ಸಮಸ್ಯೆ ಬಗೆಹರಿಯುವುದಿಲ್ಲ. ಅದು ನಮ್ಮ ಕಣ್ಣಿಗೆ ಕಾಣದ ಕಡೆಗೆ ಹೋಗುತ್ತದೆ. ಬುಸುಗುಡುವ ಗೋಸುಂಬೆಗಿಂತ, ಕಪ್ಪಾಗಿ ಕಣ್ಣು ಮುಚ್ಚಿ ಅಂಗೈಯಲ್ಲಿ ಸುಮ್ಮನೆ ಕೂತ ಗೋಸುಂಬೆಯ ಬಗ್ಗೆ ನಾವು ಹೆಚ್ಚು ಚಿಂತಿಸಬೇಕು. ಯಾಕೆಂದು ತಿಳಿಯಲು ಅದರ ಮೈಕಟ್ಟಿನಿಂದ ಶುರುಮಾಡೋಣ.

ಗೋಸುಂಬೆಗೆ ಓಡಲು ಬಾರದು. ಹಲ್ಲಿ, ಓತಿಕ್ಯಾತ, ಹಾವುರಾಣಿ ಎಲ್ಲವೂ ಅಪಾಯ ಕಂಡರೆ ಮೊದಲು ಕಾಲಿಗೆ ಬುದ್ಧಿ ಹೇಳುತ್ತವೆ. ಹಲ್ಲಿಗಾದರೆ ಬಾಲವನ್ನು ಕಳಚಿ ಬಿಟ್ಟುಹೋಗುವ ದಾರಿಯೂ ಇದೆ. ಗೋಸುಂಬೆಗೆ ಎರಡೂ ಇಲ್ಲ. ಅದರ ಪಾದದ ಐದು ಬೆರಳುಗಳು ಎರಡು ಮತ್ತು ಮೂರರ ಕಟ್ಟುಗಳಾಗಿ ಕೂಡಿಕೊಂಡು ಎದುರುಬದುರಾಗಿ ನಿಂತಿವೆ. ಕೊಂಬೆಯನ್ನು ಅಮುಕಿ ಹಿಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ, ಓಟಕ್ಕೆ ಇದಕ್ಕಿಂತ ಕೆಟ್ಟದ್ದಿಲ್ಲ. ಬಾಲ ಐದನೆಯ ಕೈ. ಒಮ್ಮೆ ತುಂಡಾದರೆ ಮತ್ತೆ ಬೆಳೆಯುವುದಿಲ್ಲ. ಹೀಗೆ ಕೊಂಬೆಗೆ ಅಂಟಿಕೊಂಡ ಪ್ರಾಣಿಗೆ ಉಳಿದಿರುವುದು ಮೂರೇ ಉಪಾಯ. ಕಾಣದಂತೆ ಇರುವುದು, ಕಂಡುಬಿಟ್ಟರೆ ಹೆದರಿಸುವುದು, ಅದೂ ಫಲಿಸದಿದ್ದರೆ ಹಿಡಿತ ಬಿಟ್ಟು ಕೆಳಗಿನ ಪೊದೆಗೆ ಬೀಳುವುದು. ಈ ಮೂರನೆಯ ಉಪಾಯ ಮನೆಯೊಳಗೆ ಪ್ರಾಣಕ್ಕೇ ಎರವಾಗಬಹುದು. ಎದೆಯೆತ್ತರದಲ್ಲಿ ಹಿಡಿದಿದ್ದ ಗೋಸುಂಬೆ ಹಠಾತ್ತನೆ ಕೈಬಿಟ್ಟರೆ ಕೆಳಗಿರುವುದು ಪೊದೆಯಲ್ಲ, ಟೈಲ್ಸ್ ನೆಲ.

ಅದನ್ನು ತಿನ್ನುವವರು ಯಾರು ಎನ್ನುವುದೂ ಮುಖ್ಯ. ಹಗಲು ಹಕ್ಕಿಗಳು, ಮರವೇರುವ ಹಾವುಗಳು. ದಕ್ಷಿಣ ಆಫ್ರಿಕಾದ ಕುಳ್ಳ ಗೋಸುಂಬೆಗಳ ಮೇಲೆ ಡೆವಿ ಸ್ಟುವರ್ಟ್-ಫಾಕ್ಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಕಳಿಂಗ ಹಕ್ಕಿಯ ಗೊಂಬೆ ತೋರಿಸಿದಾಗ ಈ ಗೋಸುಂಬೆಗಳು ಹಿನ್ನೆಲೆಗೆ ಹೆಚ್ಚು ಹೊಂದುವ ಬಣ್ಣಕ್ಕೆ ತಿರುಗಿದವು. ಬೂಮ್‌ಸ್ಲ್ಯಾಂಗ್ ಹಾವಿನ ಗೊಂಬೆ ತೋರಿಸಿದಾಗ ಅಷ್ಟು ಶ್ರಮ ಪಡಲಿಲ್ಲ. ಹಾವಿಗಿಂತ ಹಕ್ಕಿಯ ಕಣ್ಣು ಬಣ್ಣಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ. ಗೋಸುಂಬೆ ತನ್ನೆದುರಿಗೆ ಬಂದದ್ದು ಯಾರು ಎಂದು ನೋಡಿ, ಅವರವರಿಗೆ ತಕ್ಕ ಉತ್ತರ ಕೊಡುತ್ತದೆ ಎಂದಾಯಿತು. ಈಗ ನಮ್ಮ ಕೈಯನ್ನು ಅದರ ಕಣ್ಣಿನಿಂದ ನೋಡಿ. ಮೇಲಿನಿಂದ ಇಳಿಯುತ್ತದೆ, ವೇಗವಾಗಿ ಇಳಿಯುತ್ತದೆ, ಬೆರಳುಗಳನ್ನು ಅಗಲಿಸಿಕೊಂಡು ಬೆನ್ನನ್ನು ಹಿಡಿಯಲು ಬರುತ್ತದೆ. ಲಕ್ಷಾಂತರ ವರ್ಷಗಳಿಂದ ಹೀಗೆ ಬಂದದ್ದೆಲ್ಲವೂ ಅದನ್ನು ತಿನ್ನಲೆಂದೇ ಬಂದದ್ದು.

ಬಣ್ಣದ ವಿಷಯಕ್ಕೆ ಬರೋಣ, ಯಾಕೆಂದರೆ ಸಿಡುಕಿನ ಗೋಸುಂಬೆಯ ಮನಸ್ಸನ್ನು ಓದಲು ಅದಕ್ಕಿಂತ ಒಳ್ಳೆಯ ದಾರಿ ಬೇರೆ ಇಲ್ಲ. ಗೋಸುಂಬೆ ಕೂತ ಜಾಗದ ಬಣ್ಣವನ್ನೇ ಹಾಕಿಕೊಳ್ಳುತ್ತದೆ ಎಂದು ನಾವು ಶಾಲೆಯಲ್ಲಿ ಕಲಿತದ್ದು ಅರ್ಧ ಸತ್ಯ ಮಾತ್ರ. ಬಣ್ಣ ಬದಲಾಯಿಸುವ ಸಾಮರ್ಥ್ಯ ಅತಿ ಹೆಚ್ಚಾಗಿ ಬೆಳೆದಿರುವುದು ಒಂದಕ್ಕೊಂದು ಸಂಕೇತ ಕಳಿಸುವುದಕ್ಕಾಗಿ ಎಂದು ಸ್ಟುವರ್ಟ್-ಫಾಕ್ಸ್ ಮತ್ತು ಅದ್ನಾನ್ ಮೌಸಲ್ಲಿ ಅದೇ 2008ರಲ್ಲಿ, 21 ಬಗೆಯ ಕುಳ್ಳ ಗೋಸುಂಬೆಗಳನ್ನು ಹೋಲಿಸಿ ತೋರಿಸಿದರು. ಬಣ್ಣ ಹೇಗೆ ಬದಲಾಗುತ್ತದೆ ಎನ್ನುವುದನ್ನು 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಮಿಶೆಲ್ ಮಿಲಿಂಕೋವಿಚ್ ಅವರ ತಂಡ ಪ್ಯಾಂಥರ್ ಗೋಸುಂಬೆಯ ಚರ್ಮದಲ್ಲಿ ಕಂಡುಕೊಂಡಿತು. ಚರ್ಮದ ಒಂದು ಬಗೆಯ ಜೀವಕೋಶಗಳೊಳಗೆ ಗ್ವಾನಿನ್ ಎಂಬ ವಸ್ತುವಿನ ಅತಿ ಸೂಕ್ಷ್ಮ ಹರಳುಗಳು ಸಾಲುಸಾಲಾಗಿ ಜೋಡಣೆಯಾಗಿವೆ. ಪ್ರಾಣಿ ನೆಮ್ಮದಿಯಿಂದಿದ್ದಾಗ ಹರಳುಗಳು ಒತ್ತೊತ್ತಾಗಿ ಇದ್ದು ನೀಲಿ ಬೆಳಕನ್ನು ಮರಳಿಸುತ್ತವೆ. ಚರ್ಮದ ಹಳದಿ ವರ್ಣದ್ರವ್ಯ ಆ ನೀಲಿಯೊಂದಿಗೆ ಸೇರಿ ಹಸಿರು ಕಾಣುತ್ತದೆ. ಉದ್ರೇಕಗೊಂಡಾಗ ಹರಳುಗಳ ನಡುವಿನ ಅಂತರ ಹಿಗ್ಗುತ್ತದೆ, ಮರಳುವ ಬೆಳಕು ಹಳದಿ, ಕಿತ್ತಳೆ, ಕೆಂಪಿನ ಕಡೆಗೆ ಜಾರುತ್ತದೆ. ಇದರ ಜೊತೆಗೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಕೋಶಗಳಲ್ಲಿ ಹರಡಿದರೆ ಮೈ ಕಪ್ಪಾಗುತ್ತದೆ, ಒಂದೆಡೆ ಮುದುಡಿದರೆ ತಿಳಿಯಾಗುತ್ತದೆ. ಕಪ್ಪಾದ ಗೋಸುಂಬೆಯೆಲ್ಲ ದುಃಖದಲ್ಲಿದೆ ಎಂದಲ್ಲ. ಬೆಳಗಿನ ಚಳಿಯಲ್ಲಿ ಬಿಸಿಲು ಹೀರಿಕೊಳ್ಳಲು ಅದು ಕಪ್ಪಾಗಲೇಬೇಕು. ಹಾಗಾಗಿ ಬಣ್ಣವನ್ನು ಒಂಟಿಯಾಗಿ ಓದಬಾರದು. ಹೊತ್ತು, ಸೆಕೆ, ಎದುರಿಗಿರುವವರು, ಇವುಗಳ ಜೊತೆಗೆ ಓದಬೇಕು.

ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯದ ರಸಲ್ ಲಿಗಾನ್ ಮತ್ತು ಕೆವಿನ್ ಮೆಕ್‌ಗ್ರಾ 2013ರಲ್ಲಿ ಪ್ರಕಟಿಸಿದ ಕೆಲಸ ನಮ್ಮ ಸಿಡುಕಿನ ಜಾತಿಯ ಮೇಲೆಯೇ ನಡೆದದ್ದು. ಗಂಡು ವೇಲ್ಡ್ ಗೋಸುಂಬೆಗಳನ್ನು ಎದುರುಬದುರು ಬಿಟ್ಟು ಅವುಗಳ ಮೈಯ ಬೇರೆ ಬೇರೆ ಭಾಗದ ಬಣ್ಣ ಹೇಗೆ ಏರುತ್ತದೆ ಎಂದು ಅಳೆದರು. ಪಕ್ಕೆಯ ಪಟ್ಟೆಗಳು ಹೆಚ್ಚು ಹೊಳೆದಷ್ಟೂ ಆ ಗಂಡು ಎದುರಾಳಿಯ ಕಡೆಗೆ ನಡೆದುಹೋಗುವ ಸಾಧ್ಯತೆ ಹೆಚ್ಚಿತ್ತು. ತಲೆಯ ಬಣ್ಣ ಎಷ್ಟು ಬೇಗ ಏರಿತು, ಎಷ್ಟು ಹೊಳೆಯಿತು ಎನ್ನುವುದು ಗೆಲ್ಲುವುದು ಯಾರು ಎಂಬುದರ ಸುಳಿವು ಕೊಟ್ಟಿತು. ಪಟ್ಟೆ ‘ಬರುತ್ತೇನೆ’ ಎನ್ನುತ್ತದೆ, ತಲೆ ‘ಬಂದರೆ ಗೆಲ್ಲುತ್ತೇನೆ’ ಎನ್ನುತ್ತದೆ. ಲಿಗಾನ್ 2014ರಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿದರು. ಸೋತ ಗಂಡು ಕಪ್ಪಾಗುತ್ತದೆ. ಗೆದ್ದದ್ದಕ್ಕೆ ‘ಸಾಕು, ಇನ್ನು ಹೊಡೆಯಬೇಡ’ ಎಂದು ತಿಳಿಸುವ ಬಣ್ಣ ಅದು. ಕಾಡಿನಲ್ಲಾದರೆ ಸೋತದ್ದು ಕಪ್ಪಾದ ಮೇಲೆ ಹಿಂದೆ ಸರಿದು ಹೊರಟುಹೋಗುತ್ತದೆ. ಮನೆಯ ಪಂಜರದಲ್ಲಿ ಹೋಗುವುದು ಎಲ್ಲಿಗೆ?

ದಿನವೂ ಬಲವಂತದಿಂದ ಹಿಡಿಯುವ ಮಾಲೀಕನ ಕೈಯಲ್ಲಿ ಗೋಸುಂಬೆ ಕೆಲವು ವಾರಗಳ ನಂತರ ಬುಸುಗುಡುವುದನ್ನು ನಿಲ್ಲಿಸಬಹುದು. ಮೈ ಕಂದಿರುತ್ತದೆ, ಹಗಲಲ್ಲೂ ಕಣ್ಣು ಮುಚ್ಚಿರುತ್ತದೆ, ಹಿಡಿತ ಸಡಿಲವಾಗಿರುತ್ತದೆ. ‘ಪಳಗಿತು’ ಎಂದು ಮನೆಯವರು ಸಂತೋಷಪಡುತ್ತಾರೆ. ಆದರೆ ಆರೋಗ್ಯವಂತ ಗೋಸುಂಬೆ ಹಗಲಲ್ಲಿ ಕಣ್ಣು ಮುಚ್ಚಿ ಕೂರುವುದಿಲ್ಲ. ಸರೀಸೃಪಗಳಲ್ಲಿ ಒತ್ತಡದ ಮುಖ್ಯ ಹಾರ್ಮೋನ್ ಕಾರ್ಟಿಕೋಸ್ಟೆರೋನ್. ಅದು ದಿನಗಟ್ಟಲೆ ಏರಿಯೇ ಇದ್ದರೆ ರೋಗನಿರೋಧಕ ಶಕ್ತಿ ಕುಂದುತ್ತದೆ, ಮೇವು ತಪ್ಪುತ್ತದೆ, ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ. ಜಗಳವಾಡುವ ಗೋಸುಂಬೆಗೆ ತನ್ನ ಮಾತು ಎದುರಿನವರಿಗೆ ತಲುಪೀತು ಎಂಬ ನಿರೀಕ್ಷೆ ಇನ್ನೂ ಇದೆ. ಸುಮ್ಮನಾದದ್ದಕ್ಕೆ ಅದು ಉಳಿದಿಲ್ಲ.

ಹಾಗಾದರೆ ನಿನ್ನೆಯವರೆಗೆ ಕೈಮೇಲೆ ಹತ್ತುತ್ತಿದ್ದ ಮರಿ ಇಂದು ಬಾಯಿ ತೆರೆಯುವುದೇಕೆ? ಮೊದಲ ಕಾರಣ ವಯಸ್ಸು. ವೇಲ್ಡ್ ಗೋಸುಂಬೆ ಸುಮಾರು ಆರು ತಿಂಗಳಿಗೇ ಪ್ರಾಯಕ್ಕೆ ಬರುತ್ತದೆ. ಗಂಡಿನ ರಕ್ತದಲ್ಲಿ ಟೆಸ್ಟೋಸ್ಟೆರೋನ್ ಏರಿದಾಗ ತನ್ನದೆಂಬ ಜಾಗ ಹುಟ್ಟುತ್ತದೆ, ಆ ಜಾಗಕ್ಕೆ ಬಂದದ್ದೆಲ್ಲ ಪ್ರತಿಸ್ಪರ್ಧಿಯಾಗುತ್ತದೆ. ಮಾಲೀಕರು ‘ಮೊದಲು ನನ್ನನ್ನು ಪ್ರೀತಿಸುತ್ತಿತ್ತು’ ಎಂದು ನೊಂದುಕೊಳ್ಳುತ್ತಾರೆ. ಪಾಪ, ಮರಿಯಾಗಿದ್ದಾಗಲೂ ಅದು ಪ್ರೀತಿಸಿರಲಿಲ್ಲ, ಬೆಚ್ಚಗಿನ ಕೊಂಬೆಯೆಂದು ಕೈ ಹತ್ತಿತ್ತು. ಗೋಸುಂಬೆಗಳಿಗೆ ಗುಂಪಿನ ಬದುಕು ಇಲ್ಲ. ವೇಲ್ಡ್ ತಾಯಿ ಮೊಟ್ಟೆಯನ್ನು ಮಣ್ಣಲ್ಲಿ ಹೂತು ಹೊರಟುಬಿಡುತ್ತಾಳೆ. ಮರಿಗೆ ಜೊತೆಯ ಹಂಬಲ ಹುಟ್ಟಿಸುವ ಏನೂ ಅದರ ಬಾಲ್ಯದಲ್ಲಿ ಇಲ್ಲ. ಹಾಗೆಂದು ಬಾಲ್ಯ ಲೆಕ್ಕಕ್ಕೇ ಬಾರದು ಎನ್ನುವಂತಿಲ್ಲ. ಸಿಡ್ನಿ ವಿಶ್ವವಿದ್ಯಾಲಯದ ಸಿಸ್ಸಿ ಬ್ಯಾಲೆನ್, ರಿಚರ್ಡ್ ಶೈನ್ ಮತ್ತು ಮ್ಯಾಟ್ಸ್ ಓಲ್ಸನ್ ವೇಲ್ಡ್ ಗೋಸುಂಬೆ ಮರಿಗಳನ್ನು ಕೆಲವನ್ನು ಒಂಟಿಯಾಗಿ, ಕೆಲವನ್ನು ಗುಂಪಿನಲ್ಲಿ ಬೆಳೆಸಿ ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂಟಿಯಾಗಿ ಬೆಳೆದವು ಬೇರೆ ಗೋಸುಂಬೆಗಳ ಮುಂದೆ ಹೆಚ್ಚು ಶರಣಾಗುತ್ತಿದ್ದವು, ಬಣ್ಣ ಮಂಕಾಗಿತ್ತು, ಬೇಟೆಯಲ್ಲೂ ಹಿಂದಿದ್ದವು. ಒಂಟಿ ಪ್ರಾಣಿಯೂ ಎಳವೆಯಲ್ಲಿ ತನ್ನವರಿಂದ ಏನನ್ನೋ ಕಲಿಯುತ್ತದೆ. ಬೆಳೆದ ಮೇಲೆ ಮಾತ್ರ ಗಂಡುಗಳನ್ನು ಒಟ್ಟಿಗೆ ಇಡುವಂತೆಯೇ ಇಲ್ಲ.

ಎರಡನೆಯ ಕಾರಣ ಹೆಣ್ಣಿನದು, ಅದನ್ನು ತಿಳಿಯದೆ ಎಷ್ಟೋ ಹೆಣ್ಣುಗಳು ಸಾಯುತ್ತವೆ. ಮೊಟ್ಟೆ ಹೊತ್ತ ವೇಲ್ಡ್ ಹೆಣ್ಣಿನ ಮೈ ಗಾಢವಾಗಿ, ಅದರ ಮೇಲೆ ನೀಲಿ, ಹಳದಿ ಚುಕ್ಕೆಗಳು ಮೂಡುತ್ತವೆ. ಗಂಡು ಹತ್ತಿರ ಬಂದರೆ ಬಾಯಿ ತೆರೆದು ಅಟ್ಟುತ್ತದೆ. ನಮ್ಮ ಕೈಗೂ ಅದೇ ಮರ್ಯಾದೆ. ಈ ಜಾತಿಯ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆಯಿಡುತ್ತದೆ, ಆ ಮೊಟ್ಟೆಗಳು ಮರಿಯಾಗುವುದಿಲ್ಲ ಅಷ್ಟೆ. ಹಾಗಾಗಿ ‘ನಮ್ಮಲ್ಲಿ ಒಂದೇ ಇದೆ, ಮೊಟ್ಟೆ ಎಲ್ಲಿಂದ’ ಎಂದು ಸುಮ್ಮನಿರುವಂತಿಲ್ಲ. ಅಗೆಯಲು ಹಸಿ ಮರಳು ಮಣ್ಣಿನ ಆಳವಾದ ತೊಟ್ಟಿ ಸಿಗದಿದ್ದರೆ ಮೊಟ್ಟೆಗಳು ಒಳಗೇ ಕಟ್ಟಿಕೊಂಡು ಹೆಣ್ಣು ಸಾಯುತ್ತದೆ. ಇದ್ದಕ್ಕಿದ್ದಂತೆ ಸಿಡುಕಾದ, ನೆಲಕ್ಕಿಳಿದು ಮೂಲೆ ಕೆರೆಯುವ ಹೆಣ್ಣಿಗೆ ಬೇಕಾದದ್ದು ಪಳಗಿಸುವವರಲ್ಲ, ಒಂದು ಅಡಿ ಆಳದ ಮಣ್ಣು ಮತ್ತು ಯಾರೂ ನೋಡದ ಏಕಾಂತ. ಗಂಡೋ ಹೆಣ್ಣೋ ತಿಳಿಯುವುದೂ ಸುಲಭ: ಗಂಡಿಗೆ ಮೊಟ್ಟೆಯೊಡೆದ ದಿನದಿಂದಲೇ ಹಿಂಗಾಲಿನ ಹಿಮ್ಮಡಿಯಲ್ಲಿ ಪುಟ್ಟ ಮುಳ್ಳು ಇರುತ್ತದೆ.

ಮೂರನೆಯದು ನೋವು. ಸುಣ್ಣದ ಅಂಶ ಮತ್ತು ಅತಿನೇರಳೆ ಬೆಳಕು ಸಾಲದೆ ಬೆಳೆದ ಗೋಸುಂಬೆಯ ಮೂಳೆಗಳು ಮೆತ್ತಗಾಗಿ ಬಾಗುತ್ತವೆ, ಮುಟ್ಟಿದರೆ ನೋಯುತ್ತವೆ, ಬಿಗಿಯಾಗಿ ಹಿಡಿದರೆ ಮುರಿಯುತ್ತವೆ. ಕಾಲು ಬಾಗಿರುವ, ಕೊಂಬೆ ಹಿಡಿಯಲು ತಡಕಾಡುವ, ಗುರಿಯಿಟ್ಟರೂ ನಾಲಿಗೆ ಚಾಚಲಾಗದ ಗೋಸುಂಬೆ ಸಿಡುಕಿದರೆ ಅದು ಸ್ವಭಾವವಲ್ಲ, ಕಾಯಿಲೆ. ಬಾಯಿ ತೆರೆದದ್ದೆಲ್ಲ ಬೆದರಿಕೆಯೂ ಅಲ್ಲ. ದೀಪದ ಕೆಳಗೆ ಸೆಕೆ ಹೆಚ್ಚಾದರೆ ತಣ್ಣಗಾಗಲು ಬಾಯಿ ತೆರೆಯುತ್ತದೆ. ಉಸಿರಾಟದ ಸೋಂಕಾದರೂ ಬಾಯಿ ತೆರೆದು ತಲೆ ಮೇಲೆತ್ತಿ ಕೂರುತ್ತದೆ. ಕೈ ಹತ್ತಿರವಿಲ್ಲದಾಗಲೂ ಬಾಯಿ ತೆರೆದಿದ್ದರೆ ಮೊದಲು ಉಷ್ಣಮಾಪಕ ನೋಡಬೇಕು, ಆಮೇಲೆ ಸರೀಸೃಪ ಬಲ್ಲ ವೈದ್ಯರನ್ನು.

ಉಳಿದ ಕಾರಣಗಳು ಪಂಜರದಲ್ಲೇ ಇರುತ್ತವೆ. ಗಾಜಿನ ಗೋಡೆಯಲ್ಲಿ ತನ್ನದೇ ಬಿಂಬ ಕಂಡ ಗಂಡು ಬೆಳಗಿನಿಂದ ಸಂಜೆಯವರೆಗೆ ಸೋಲದ ಶತ್ರುವಿನೊಂದಿಗೆ ಹೋರಾಡುತ್ತದೆ. ಎದುರಿನ ಪಂಜರದಲ್ಲಿ ಇನ್ನೊಂದು ಗಂಡು ಕಾಣುತ್ತಿದ್ದರೂ ಇದೇ ಕತೆ. ಪಂಜರವನ್ನು ನೆಲದ ಮೇಲೋ ಕುಳ್ಳ ಮೇಜಿನ ಮೇಲೋ ಇಟ್ಟರೆ ಮನೆಯವರೆಲ್ಲ ಅದರ ತಲೆಯ ಮೇಲಿನಿಂದ ಓಡಾಡುತ್ತಾರೆ. ಎತ್ತರದಲ್ಲಿದ್ದರೇ ಅದಕ್ಕೆ ಧೈರ್ಯ. ಸುತ್ತ ಎಲೆಗಳಿಲ್ಲದಿದ್ದರೆ ಅಡಗುವ ಮೊದಲ ಉಪಾಯವೇ ಇಲ್ಲವಾಗಿ ನೇರವಾಗಿ ಬೆದರಿಸುವ ಎರಡನೆಯದಕ್ಕೆ ಹೋಗುತ್ತದೆ. ಇನ್ನೊಂದನ್ನು ಹೆಚ್ಚಿನವರು ಎಣಿಸುವುದಿಲ್ಲ: ಅದುರು. ಗೋಸುಂಬೆಗೆ ಹೊರಗಿವಿಯ ರಂಧ್ರವಿಲ್ಲ, ಗಾಳಿಯ ಸದ್ದು ಅಷ್ಟಾಗಿ ಕೇಳದು. ಆದರೆ ಗಿಡದ ಮೂಲಕ ಬರುವ ಕಂಪನ ಅದಕ್ಕೆ ಮುಖ್ಯ. ವೇಲ್ಡ್ ಗೋಸುಂಬೆಗಳು ಕೊಂಬೆಯ ಮೂಲಕ ತಾವೇ ಕಂಪನ ಹೊರಡಿಸುವುದು 1999ರಲ್ಲಿ ವರದಿಯಾಗಿದೆ. ಪಂಜರದ ಬಾಗಿಲನ್ನು ಧಡಕ್ಕನೆ ತೆರೆದರೆ ಆ ಅದುರು ಪಾದದ ಮೂಲಕ ಮೈಯೆಲ್ಲ ಹರಿಯುತ್ತದೆ. ಎಷ್ಟೋ ಮನೆಗಳಲ್ಲಿ ಎಲೆ ತುಂಬಿದ ಎರಡು ಕುಂಡ, ಬಲೆಯ ಪಂಜರ, ಎತ್ತರದ ಪೀಠ ಇಷ್ಟರಿಂದಲೇ ಅರ್ಧ ಸಿಡುಕು ಇಳಿದುಬಿಡುತ್ತದೆ, ಯಾರೂ ಅದನ್ನು ಮುಟ್ಟದೆಯೇ.

ಇಷ್ಟಾದ ಮೇಲೆ ಕಲಿಕೆಯ ಪ್ರಶ್ನೆ. ಎರಿಕ್ ಕ್ಯಾಂಡೆಲ್ ಎಂಬ ನರವಿಜ್ಞಾನಿ ಸಮುದ್ರದ ಅಪ್ಲಿಸಿಯ ಎಂಬ ಬಸವನಹುಳುವಿನ ಜಾತಿಯ ಪ್ರಾಣಿಯನ್ನು ವರ್ಷಾನುಗಟ್ಟಲೆ ಅಧ್ಯಯನ ಮಾಡಿ 2000ದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಅದರ ಮೈಯನ್ನು ಹಗುರಾಗಿ ಮತ್ತೆ ಮತ್ತೆ ಮುಟ್ಟಿದರೆ ಮೊದಮೊದಲು ಕಿವಿರನ್ನು ಒಳಗೆಳೆದುಕೊಳ್ಳುತ್ತದೆ, ಬರುಬರುತ್ತ ಎಳೆದುಕೊಳ್ಳುವುದನ್ನು ಬಿಡುತ್ತದೆ. ಒಂದೇ ಒಂದು ಸಲ ಬಾಲಕ್ಕೆ ಬಲವಾದ ವಿದ್ಯುತ್ ಆಘಾತ ಕೊಟ್ಟರೆ, ಮುಂದೆ ಹಗುರಾಗಿ ಮುಟ್ಟಿದರೂ ಮೊದಲಿಗಿಂತ ಜೋರಾಗಿ ಎಳೆದುಕೊಳ್ಳುತ್ತದೆ. ಮುಟ್ಟಿದ್ದು ಎಷ್ಟು ಸಲ ಎನ್ನುವುದಕ್ಕಿಂತ ಎಷ್ಟು ಬಲವಾಗಿ ಎನ್ನುವುದು ದಿಕ್ಕನ್ನು ತೀರ್ಮಾನಿಸುತ್ತದೆ. ಇಷ್ಟು ಸರಳ ನರಮಂಡಲದಲ್ಲೇ ಇರುವ ಈ ಎರಡು ದಾರಿಗಳು ಗೋಸುಂಬೆಯಲ್ಲೂ ಇವೆ. ಬಾಯಿ ತೆರೆಯುವ ಮಟ್ಟಕ್ಕೆ ಹೋಗದ ಭೇಟಿಗಳು ಭಯವನ್ನು ಸವೆಸುತ್ತವೆ. ಬಾಯಿ ತೆರೆಸಿದ ಭೇಟಿಗಳು ಭಯವನ್ನು ಮಸೆಯುತ್ತವೆ. ‘ದಿನಾ ಹಿಡಿದರೆ ಅಭ್ಯಾಸವಾಗುತ್ತದೆ’ ಎಂಬ ಉಪದೇಶ ಎಷ್ಟೋ ಪ್ರಾಣಿಗಳನ್ನು ಕೆಡಿಸಿರುವುದು ಇದೇ ಕಾರಣಕ್ಕೆ.

ಇನ್ನೊಂದು ಸಿಕ್ಕು ಇದೆ. ಅಂಚೆಯವರನ್ನು ಕಂಡು ಬೊಗಳುವ ನಾಯಿ ದಿನವೂ ಗೆಲ್ಲುತ್ತದೆ. ಪತ್ರ ಕೊಟ್ಟು ಅವರು ಹೊರಟರೂ, ತಾನು ಬೊಗಳಿದ್ದಕ್ಕೇ ಹೊರಟರೆಂದು ಅದು ತಿಳಿಯುತ್ತದೆ. ಗೋಸುಂಬೆ ಹುಸಿ ಏಟು ಹಾಕಿದಾಗ ನಾವು ಬೆಚ್ಚಿ ಕೈ ಎಳೆದುಕೊಂಡರೆ ಅದಕ್ಕೂ ಹೀಗೆಯೇ ಪಾಠವಾಗುತ್ತದೆ, ಮುಂದಿನ ಸಲ ಬುಸುಗುಟ್ಟುವ ಹಂತಗಳನ್ನೆಲ್ಲ ಬಿಟ್ಟು ನೇರ ಏಟಿಗೆ ಬರುತ್ತದೆ. ಹಾಗೆಂದು ಕೈ ಮುಂದೊತ್ತಿದರೆ ಆಘಾತದ ದಾರಿ. ಹೊರಬರುವ ಬಗೆ ಒಂದೇ: ಮೊದಲನೆಯ ಸುಳಿವಿಗೇ, ಅಂದರೆ ಅದು ಸ್ತಬ್ಧವಾಗಿ ಕಣ್ಣು ಹೊರಳಿಸಿದ ಕೂಡಲೇ, ಕೈ ನಿಲ್ಲಿಸಿಬಿಡುವುದು. ಮೈ ಸಡಿಲಗೊಂಡು ಆ ಕಣ್ಣು ಬೇರೆ ಕಡೆ ತಿರುಗಿದ ಮೇಲೆ ಕೈಯನ್ನು ನಿಧಾನವಾಗಿ ಹಿಂದೆ ತೆಗೆಯುವುದು. ಹೀಗೆ ಮಾಡಿದರೆ ಪಿಸುಮಾತಿಗೂ ಕೈ ಕಿವಿಗೊಡುತ್ತದೆ ಎಂದು ಅದು ಕಲಿಯುತ್ತದೆ. ಕೂಗುವ ಅಗತ್ಯ ಕಡಿಮೆಯಾಗುತ್ತದೆ.

ಮೇವು ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಸಹಾಯ. ಮೊದಲ ದಿನಗಳಲ್ಲಿ ಮೇವಿನ ಬಟ್ಟಲನ್ನು ಹಿಡಿದ ಕೈಯನ್ನು ಬಾಗಿಲ ಬಳಿ, ಅದರ ಕಣ್ಣಿಗಿಂತ ಕೆಳಗೆ, ಅಲುಗಾಡದಂತೆ ಇಟ್ಟು ಕಾಯಬೇಕು. ಮೈಯುದ್ದಕ್ಕಿಂತ ದೂರ ಚಿಮ್ಮುವ ನಾಲಿಗೆ ಇರುವುದರಿಂದ ಅದು ಹತ್ತಿರ ಬರಬೇಕೆಂದಿಲ್ಲ, ದೂರದಿಂದಲೇ ತೆಗೆದುಕೊಳ್ಳಲಿ. ತೆಗೆದುಕೊಂಡ ಮೇಲೆ ಬಾಗಿಲು ಮುಚ್ಚಿಬಿಡಬೇಕು, ಮುಟ್ಟುವ ಆಸೆಯನ್ನು ಅಂದು ತಡೆದುಕೊಳ್ಳಬೇಕು. ಮನೆಯಲ್ಲಿ ದಿನವೂ ಕೊಡುವ ಸೀರುಂಡೆಗಿಂತ ರುಚಿಯಾದದ್ದು ಕೈಯಿಂದ ಮಾತ್ರ ಸಿಗಬೇಕು. ಗೋಸುಂಬೆ ಸಾಕುವವರು ಇದಕ್ಕೆ ಹೆಚ್ಚಾಗಿ ಬಳಸುವುದು ರೇಷ್ಮೆಹುಳು. ರಾಮನಗರದ ಮಾರುಕಟ್ಟೆಗೆ ಗೂಡಾಗಿ ಬರುವ ಬಾಂಬಿಕ್ಸ್ ಮೋರಿಯೇ ಆ ಹೊರದೇಶಗಳಲ್ಲಿ ಜೀವಂತ ಹುಳುವಾಗಿ ಪೆಟ್ಟಿಗೆಗಳಲ್ಲಿ ಮಾರಾಟವಾಗುತ್ತದೆ. ಮೆತ್ತಗಿದೆ, ನೀರಿನಂಶ ಹೆಚ್ಚು, ಬೇಗ ಓಡಿಹೋಗದು. ಬಟ್ಟಲಿನಿಂದ ಅಂಗೈಗೆ, ಅಂಗೈಯಿಂದ ಮಣಿಕಟ್ಟಿನ ಆಚೆಗೆ ಹುಳು ಸರಿಯುತ್ತ ಹೋದಂತೆ ಕೆಲವು ಗೋಸುಂಬೆಗಳು ತಾವಾಗಿಯೇ ಮುಂಗಾಲನ್ನು ಬೆರಳಿನ ಮೇಲಿಡುತ್ತವೆ. ಕೆಲವು ಎಂದೂ ಇಡುವುದಿಲ್ಲ. ಆ ಎರಡನೆಯ ಬಗೆಯವು ಕೆಟ್ಟ ಗೋಸುಂಬೆಗಳೇನೂ ಅಲ್ಲ.

ಎತ್ತಲೇಬೇಕಾದಾಗ, ಅಂದರೆ ವೈದ್ಯರಲ್ಲಿಗೆ ಒಯ್ಯುವಾಗ, ಪಂಜರ ತೊಳೆಯುವಾಗ, ಕೈಗಿಂತ ಕೊಂಬೆ ಮೇಲು. ಅದರ ಮುಂದೆ, ಎದೆಯ ಮಟ್ಟಕ್ಕಿಂತ ತುಸು ಮೇಲೆ ಒಂದು ಒರಟು ಕೊಂಬೆಯನ್ನು ಅಡ್ಡ ಹಿಡಿದರೆ ಮೇಲೇರುವ ಸಹಜ ಪ್ರವೃತ್ತಿಯಿಂದ ಅದು ಹತ್ತಿಕೊಳ್ಳುತ್ತದೆ. ಹತ್ತದಿದ್ದರೆ ಹಿಂದಿನಿಂದ ಬಾಲದ ಬುಡವನ್ನು ಹಗುರಾಗಿ ತಾಕಿದರೆ ಸಾಕು. ಕೈಯನ್ನೇ ಬಳಸುವುದಾದರೆ ಅದು ಕೆಳಗಿನಿಂದ, ಮುಂದಿನಿಂದ, ಅದಕ್ಕೆ ಕಾಣುವಂತೆ ಬರಬೇಕು. ಬೆನ್ನನ್ನು ಮೇಲಿನಿಂದ ಹಿಡಿಯುವುದು, ಬಾಲ ಹಿಡಿದು ಎತ್ತುವುದು, ಕೊಂಬೆ ಹಿಡಿದ ಕಾಲನ್ನು ಎಳೆಯುವುದು, ಮೂರೂ ಕೂಡದು. ಹಿಡಿತ ಬಿಡದಿದ್ದರೆ ಒಂದೊಂದೇ ಪಾದದ ಬೆರಳುಗಳನ್ನು ಬಿಡಿಸಬೇಕು. ಎಳೆದರೆ ಉಗುರು ಕಿತ್ತು ಬರುತ್ತದೆ, ಎಳೆಯ ಮೂಳೆಯಾದರೆ ಮುರಿಯುತ್ತದೆ. ನೆಲದ ಮೇಲೋ ಮಂಚದ ಮೇಲೋ ಕುಳಿತೇ ಹಿಡಿಯಬೇಕು, ಬಿದ್ದರೂ ಒಂದು ಗೇಣು ಬೀಳಲಿ. ದಪ್ಪ ಚರ್ಮದ ಕೈಗವಸು ಹಾಕಿದರೆ ಎಷ್ಟು ಒತ್ತುತ್ತಿದ್ದೇವೆಂದು ನಮಗೇ ತಿಳಿಯದು. ಆದರೆ ಕಚ್ಚೀತೆಂಬ ಅಂಜಿಕೆಯಿಂದ ಕೈ ನಡುಗುವವರಿಗೆ ತೆಳು ಗವಸು ಒಳ್ಳೆಯದು, ಬೆಚ್ಚಿ ಕೊಡವುವ ಕೈಯೇ ಎಲ್ಲಕ್ಕಿಂತ ಅಪಾಯ.

ಕಚ್ಚಿದರೆ? ವಿಷವಿಲ್ಲ. ದೊಡ್ಡ ಗಂಡು ಚರ್ಮ ಸೀಳಿ ರಕ್ತ ಬರಿಸಬಲ್ಲದು, ಅಷ್ಟೆ. ಕೈ ಜಾಡಿಸಬಾರದು. ಗೋಸುಂಬೆಯ ಹಲ್ಲುಗಳು ದವಡೆಯ ಅಂಚಿಗೆ ಬೆಸೆದುಕೊಂಡಿರುತ್ತವೆ, ಮುರಿದರೆ ಮತ್ತೆ ಹುಟ್ಟುವುದಿಲ್ಲ, ಆ ಜಾಗದಲ್ಲಿ ಕೀವಾಗಿ ದವಡೆಯೇ ಕೊಳೆಯಬಹುದು. ಕಚ್ಚಿದ ಕೈಯನ್ನು ಹಾಗೆಯೇ ಕೊಂಬೆಯ ಬಳಿಗೆ ಒಯ್ದರೆ ಕಾಲಿಗೆ ಕೊಂಬೆ ಸಿಕ್ಕ ಕೂಡಲೇ ಬಾಯಿ ಬಿಡುತ್ತದೆ. ಆಮೇಲೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಕಚ್ಚದಿದ್ದರೂ ತೊಳೆಯಬೇಕು, ಆರೋಗ್ಯವಾಗಿ ಕಾಣುವ ಸರೀಸೃಪದ ಕರುಳಿನಲ್ಲೂ ಸಾಲ್ಮೊನೆಲ್ಲ ಇರಬಹುದು, ಐದು ವರ್ಷದೊಳಗಿನ ಮಕ್ಕಳಿಗೆ ಅದು ಗಂಭೀರ ಕಾಯಿಲೆ ತರಬಲ್ಲದು.

ನಮ್ಮ ನಾಡಿನ ಓದುಗರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಜಗತ್ತಿನ 200ಕ್ಕೂ ಹೆಚ್ಚು ಗೋಸುಂಬೆ ಪ್ರಭೇದಗಳಲ್ಲಿ ಭಾರತದ್ದು ಒಂದೇ, ಕಮೀಲಿಯೊ ಝೆಲಾನಿಕಸ್. ಬಯಲುಸೀಮೆಯ ಕುರುಚಲು ಕಾಡಿನಲ್ಲಿ, ಹೊಲದ ಬೇಲಿಯಲ್ಲಿ, ಜಾಲಿಯ ಮೇಲೆ ಕಾಣುವುದು ಅದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅದಕ್ಕಿದೆ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ವೇಲ್ಡ್, ಪ್ಯಾಂಥರ್ ಮುಂತಾದ ಹೊರದೇಶದ ಜಾತಿಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ, ನಮ್ಮ ಕಾಯಿದೆಯ 2022ರ ತಿದ್ದುಪಡಿಯ ನಂತರ ಅಂಥವನ್ನು ಇಟ್ಟುಕೊಂಡವರು ಸರಕಾರಕ್ಕೆ ತಿಳಿಸಿ ನೋಂದಾಯಿಸಲೇಬೇಕು. ಹಳ್ಳಿಗಳಲ್ಲಿ ಗೋಸುಂಬೆ ವಿಷದ ಪ್ರಾಣಿಯೆಂದು ಹೊಡೆದು ಕೊಲ್ಲುವವರು ಇನ್ನೂ ಇದ್ದಾರೆ. ಮೊಟ್ಟೆಯಿಡಲು ನೆಲಕ್ಕಿಳಿದ ಹೆಣ್ಣು ರಸ್ತೆ ದಾಟುವಾಗ ತೂಗುತ್ತ ತೂಗುತ್ತ ಒಂದೊಂದೇ ಹೆಜ್ಜೆಯಿಟ್ಟು ಗಾಡಿಗೆ ಸಿಗುತ್ತದೆ. ಅಂಥದ್ದನ್ನು ಕಂಡರೆ ಮೇಲೆ ಹೇಳಿದ ಕೊಂಬೆಯ ಉಪಾಯವೇ ಸಾಕು: ಹತ್ತಿಸಿಕೊಂಡು, ಅದು ಯಾವ ಕಡೆಗೆ ಹೊರಟಿತ್ತೋ ಅದೇ ಬದಿಯ ಪೊದೆಗೆ ಬಿಡುವುದು. ಅದು ಬುಸುಗುಡುತ್ತದೆ, ಗಂಟಲು ಉಬ್ಬಿಸುತ್ತದೆ, ಬಾಯಿ ತೆರೆಯುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ತೋಚಿದ ಸರಿಯಾದ ಉತ್ತರವೇ ಅದು.

ಇಷ್ಟೆಲ್ಲ ಮಾಡಿಯೂ ಸಿಡುಕು ಬಿಡದ ಗೋಸುಂಬೆಗಳಿವೆ, ಅವನ್ನು ಮುಟ್ಟದೆ ಸಾಕುವುದೇ ನನಗೆ ಸರಿಯೆನಿಸುತ್ತದೆ. ಗಂಡು ಐದರಿಂದ ಎಂಟು ವರ್ಷ ಬದುಕುತ್ತದೆ. ಅಷ್ಟು ವರ್ಷವೂ ಅದರ ಬೇಟೆ, ಪೊರೆ ಬಿಡುವಿಕೆ, ಬಣ್ಣ, ಎಲೆಯ ತುದಿಯ ಹನಿ ಹೀರುವುದು ಎಲ್ಲವನ್ನೂ ನೋಡುತ್ತಲೇ ಅದನ್ನು ಚೆನ್ನಾಗಿ ಬಲ್ಲವರಾಗಬಹುದು. ಆರೋಗ್ಯ ತಿಳಿಯಲು ಬೇಕಾದ ಮುಖ್ಯ ಅಳತೆ ತೂಕ, ಅದಕ್ಕೂ ಕೈ ಬೇಕಿಲ್ಲ. ಅಡುಗೆಮನೆಯ ಗ್ರಾಂ ತಕ್ಕಡಿಯ ಮೇಲೆ ನಿಲ್ಲುವಂಥ ಕವಲುಕೊಂಬೆಯೊಂದನ್ನು ಪಂಜರದಲ್ಲೇ ಇಟ್ಟಿರಬೇಕು. ವಾರಕ್ಕೊಮ್ಮೆ ಗೋಸುಂಬೆ ತಾನಾಗಿ ಅದರ ಮೇಲಿದ್ದಾಗ ಕೊಂಬೆ ಸಮೇತ ತಕ್ಕಡಿಗಿಟ್ಟು, ಅಂಕಿ ಬರೆದುಕೊಂಡು, ಹಾಗೆಯೇ ಮರಳಿ ಒಳಗಿಡಬೇಕು. ಬರಿ ಕೊಂಬೆಯ ತೂಕವನ್ನು ಅದರಿಂದ ಕಳೆದರೆ ಗೋಸುಂಬೆಯದ್ದು ಸಿಗುತ್ತದೆ. ಎರಡು ಮೂರು ವಾರ ಬಿಡದೆ ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು, ಅಲ್ಲಿಗೂ ಅದೇ ಕೊಂಬೆಯ ಮೇಲೆ ಹೋಗಲಿ.